ಭದ್ರಾ ಕಾಲುವೆಯಲ್ಲಿ ದೋಣಿಮನೆ ಆಗಲ್ವಾ, ಸಾರ್?

ಪ್ರಶ್ನೆ: ಸಾರ್, ಮುಂದಿನ ವರ್ಷ ರಿಟೈರ್ ಆಗ್ತೀನಿ. ಮಗಳು, ಅಳಿಯ ಮ್ಯಾಂಚೆಸ್ಟರ್‌ನಲ್ಲಿ ಇದ್ದಾರೆ. ಹೋದಾಗ ಅಲ್ಲಿನ ಕಾಲುವೆಯಲ್ಲಿ ಸಾಲಾಗಿ ನಿಂತ ದೋಣಿಮನೆಗಳನ್ನು ನೋಡಿದ್ವಿ. ಒಳಗೆ ಅಡುಗೆಮನೆ, ಬಚ್ಚಲು, ಮಂಚ ಎಲ್ಲಾ ಇತ್ತು. ನಮಗೆ ಬೇಕಾದ ಹಾಗೆ ಒಂದನ್ನು ಕಟ್ಟಿಸಿಕೊಂಡು ಇನ್ನು ಮುಂದಿನ ಕಾಲ ನೀರ ಮೇಲೆ ಕಳೆಯೋಣ ಅಂತ ನಾನೂ ನನ್ನ ಮನೆಯವರೂ ಮಾತಾಡಿಕೊಂಡಿದ್ದೀವಿ. ಅಂಥದ್ದನ್ನು ಇಲ್ಲೇ ಭದ್ರಾ ಕಾಲುವೆಯಲ್ಲೋ ಸೂಳೆಕೆರೆಯಲ್ಲೋ ಮಾಡಬಹುದಾ? ಇಲ್ಲ ಅಂದ್ರೆ ಅಲ್ಲೇ ಕಟ್ಟಿಸೋಕೆ ಎಲ್ಲಿಂದ ಶುರು ಮಾಡಬೇಕು? ಮನೆಯವರದ್ದು ಇನ್ನೊಂದು ಪ್ರಶ್ನೆ: ತುಳಸಿ ಎಲ್ಲಿಡೋದು?
(ನಿವೃತ್ತಿಯ ಹೊಸ್ತಿಲಲ್ಲಿರುವ ಬ್ಯಾಂಕ್ ನೌಕರರು, ವಿದ್ಯಾನಗರ, ದಾವಣಗೆರೆ)

ಉತ್ತರ: ಇಂಗ್ಲೆಂಡಿಗೆ ಮಕ್ಕಳ ಮನೆಗೆ ಹೋಗಿ ಬಂದವರು ಈ ಪ್ರಶ್ನೆಯನ್ನು ಆಗಾಗ ಕೇಳುತ್ತಾರೆ. ಭದ್ರಾ ಕಾಲುವೆಯಲ್ಲಿ ಆಗುವುದಿಲ್ಲ. ಅಲ್ಲಿ ಆಗುತ್ತದೆ, ಆದರೆ ನೀವು ಅಂದುಕೊಂಡ ಹಾಗೆ ಅಲ್ಲ. ಬಹಳ ಜನ ಅಡುಗೆಮನೆ ಎಲ್ಲಿ, ಮಂಚ ಎಲ್ಲಿ ಅಂತ ನಕ್ಷೆ ಬಿಡಿಸಲು ಕೂರುತ್ತಾರೆ. ಮನೆ ಕಟ್ಟುವಾಗ ನಾವು ಮೊದಲು ಸೈಟು ನೋಡುತ್ತೇವಲ್ಲ, ಹಾಗೆಯೇ ದೋಣಿಗೆ ಮೊದಲು ನೀರು ನೋಡಬೇಕು.

ನಮ್ಮೂರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರು ಬಂದದ್ದು ಹತ್ತಿ ಗಿರಣಿಗಳಿಂದ. ಅಸಲಿ ಮ್ಯಾಂಚೆಸ್ಟರ್‌ಗೆ ಕಲ್ಲಿದ್ದಲು ತರಲು 1761ರಲ್ಲಿ ಬ್ರಿಡ್ಜ್‌ವಾಟರ್ ಕಾಲುವೆ ತೆರೆಯಿತು. ಆಮೇಲೆ ಆ ದೇಶದ ತುಂಬ ಇಂಥ ಕಾಲುವೆಗಳು ಬಂದವು. ಅಲ್ಲಿ ಕಾಲುವೆ ಅಂದರೆ ರಸ್ತೆ. ನೀರು ಹೆಚ್ಚುಕಮ್ಮಿ ನಿಂತೇ ಇರುತ್ತದೆ. ನೆಲ ಏರುವ ಕಡೆ ಲಾಕ್ ಅನ್ನುವ ನೀರಿನ ಮೆಟ್ಟಿಲು ಇರುತ್ತದೆ. ದೋಣಿ ಒಳಗೆ ಹೋಗಿ, ಬಾಗಿಲು ಮುಚ್ಚಿ, ನೀರು ತುಂಬಿಸಿದರೆ ದೋಣಿಯೂ ಮೇಲೇಳುತ್ತದೆ. ನಮ್ಮ ಕಾಲುವೆಯಲ್ಲಿ ನೀರೇ ಸರಕು. ಲಕ್ಕವಳ್ಳಿಯಿಂದ ಹೊರಟ ನೀರು ಇಳಿಜಾರಿನಲ್ಲಿ ಓಡುತ್ತಾ, ಅಲ್ಲಲ್ಲಿ ಧುಮುಕುತ್ತಾ, ಹಳ್ಳಗಳನ್ನು ಮೇಲ್ಗಾಲುವೆಯಲ್ಲಿ ದಾಟುತ್ತಾ ಬರುತ್ತದೆ. ದೋಣಿ ದಾಟುವ ಏರ್ಪಾಡು ಎಲ್ಲೂ ಇಲ್ಲ. ನೀರೂ ವರ್ಷವಿಡೀ ಬರುವುದಿಲ್ಲ. ಬೆಳೆಗೆ ತಕ್ಕಂತೆ ಬಿಡುತ್ತಾರೆ, ನಿಲ್ಲಿಸುತ್ತಾರೆ. ನೀರು ನಿಂತ ಮೇಲೆ ನಿಮ್ಮ ದೋಣಿಮನೆ ಕೆಸರಲ್ಲಿ ವಾಲಿಕೊಂಡು ಕೂರುತ್ತದೆ. ಅಷ್ಟರೊಳಗೆ ಕೊನೆ ಭಾಗದ ರೈತರು, ನಮಗೆ ಬರುವ ನೀರಿಗೆ ಅಡ್ಡ ನಿಂತದ್ದು ಯಾರು ಅಂತ ಹುಡುಕಿಕೊಂಡು ಬಂದಿರುತ್ತಾರೆ. ನ್ಯಾಯವೇ, ಅಲ್ವಾ?

ಸೂಳೆಕೆರೆಯ ನೀರು ಚಿತ್ರದುರ್ಗದವರಿಗೆ ಕುಡಿಯಲು ಹೋಗುತ್ತದೆ. ಅದರ ಮೇಲೆ ಸಂಸಾರ ಹೂಡಿ ಬಚ್ಚಲ ನೀರು ಬಿಡುವುದು ಯೋಚಿಸುವ ಮಾತೇ ಅಲ್ಲ. ವಾಣಿವಿಲಾಸ ಸಾಗರವೂ ಹಾಗೆಯೇ. 1907ರಲ್ಲಿ ಮುಗಿದ ಆ ಅಣೆಕಟ್ಟು 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷ. ನೀರು ಅಷ್ಟು ಏರಿಳಿಯುವ ಕಡೆ ದೋಣಿಯನ್ನು ಯಾವ ದಡಕ್ಕೆ ಕಟ್ಟುತ್ತೀರಿ? ಹರಿಹರದ ತುಂಗಭದ್ರೆಯನ್ನು ಬೇಸಿಗೆಯಲ್ಲಿ ನೋಡಿದವರಿಗೆ ನಾನು ಏನೂ ಹೇಳಬೇಕಾಗಿಲ್ಲ. ತಮಾಷೆ ಅಂದರೆ, ಇದೇ ನದಿಗೆ ಕೆಳಗೆ ಸುಂಕೇಸುಲದಲ್ಲಿ ಅಡ್ಡಗಟ್ಟಿ 1860ರ ದಶಕದಲ್ಲಿ ಕರ್ನೂಲು-ಕಡಪ ಕಾಲುವೆ ತೋಡಿದಾಗ, ನೀರಾವರಿ ಜತೆಗೆ ದೋಣಿ ಓಡಿಸುವ ಲೆಕ್ಕವೂ ಇತ್ತು. ಈಗ ಅದರಲ್ಲೂ ದೋಣಿ ಓಡುವುದಿಲ್ಲ. ನಮ್ಮ ದೇಶದಲ್ಲೇ ಇರಬೇಕು ಅಂದರೆ ಕೇರಳದ ಹಿನ್ನೀರು ನೋಡಿ. ಕೊಲ್ಲಂನಿಂದ ಕೊಟ್ಟಪುರಂವರೆಗಿನ 168 ಕಿಲೋಮೀಟರ್ ಪಶ್ಚಿಮ ಕರಾವಳಿ ಕಾಲುವೆ 1993ರಿಂದ ರಾಷ್ಟ್ರೀಯ ಜಲಮಾರ್ಗ. ಮೋಟಾರು ಇರುವ ದೋಣಿಗೆ 2021ರ ಒಳನಾಡು ಹಡಗು ಕಾಯ್ದೆ ಪ್ರಕಾರ ತಪಾಸಣೆ, ನೋಂದಣಿ ಎರಡೂ ಬೇಕು.

ಈಗ ಇಂಗ್ಲೆಂಡಿಗೆ ಬರೋಣ. ನೀವು ನೋಡಿದ್ದು ಬಹುಶಃ ನ್ಯಾರೋಬೋಟ್, ಅಂದರೆ ಕಿರಿದಾದ ದೋಣಿ. ಅದನ್ನು ಬಾರ್ಜ್ ಅಂತ ಕರೆದರೆ ಅದರ ಯಜಮಾನರಿಗೆ ಸ್ವಲ್ಪ ಸಿಟ್ಟು ಬರುತ್ತದೆ. ಬಾರ್ಜ್ ಅಂದರೆ ಅಗಲದ್ದು. ಹೆಸರಿನ ಈ ಜಗಳದಲ್ಲೇ ನಿಮ್ಮ ಮೊದಲ ತೀರ್ಮಾನ ಇದೆ. ಮಧ್ಯ ಇಂಗ್ಲೆಂಡಿನ ಹಳೆಯ ಲಾಕ್‌ಗಳ ಅಗಲ 7 ಅಡಿ. ಆದ್ದರಿಂದ ದೋಣಿಯ ಅಗಲ 6 ಅಡಿ 10 ಇಂಚು. 10, 12 ಅಡಿ ಅಗಲದ್ದು ಕಟ್ಟಿಸಿದರೆ ಒಳಗೆ ಆರಾಮ, ಆದರೆ ಉತ್ತರದಿಂದ ದಕ್ಷಿಣಕ್ಕೆ ಕಾಲುವೆಯಲ್ಲೇ ಹೋಗಲು ಆಗುವುದಿಲ್ಲ. ಉದ್ದದ ಕಥೆಯೂ ಹೀಗೆಯೇ. ಕಿರಿದಾದ ಲಾಕ್‌ಗಳಲ್ಲಿ ಸುಮಾರು 70 ಅಡಿ ಹಿಡಿಯುತ್ತದೆ. ಉತ್ತರದ ಕೆಲವು ಲಾಕ್‌ಗಳು ಗಿಡ್ಡ. ಎಲ್ಲ ಕಡೆ ತಿರುಗಬೇಕು ಅನ್ನುವವರು 57 ಅಡಿಗೆ ನಿಲ್ಲುತ್ತಾರೆ.

57 ಅಡಿ ಅಂದರೆ ಜಾಸ್ತಿ ಅನಿಸುತ್ತದೆ. ನಮ್ಮ ಮೂವತ್ತು-ನಲವತ್ತು ಸೈಟನ್ನು ಮೂಲೆಯಿಂದ ಮೂಲೆಗೆ ಅಳೆದರೂ 50 ಅಡಿ ಮಾತ್ರ. ಆದರೆ ಮುಂದಿನ ಮೂತಿ, ಹಿಂದಿನ ಕಟ್ಟೆ ಕಳೆದರೆ ವಾಸಕ್ಕೆ ಸಿಗುವುದು ಸುಮಾರು 42 ಅಡಿ. ಗೋಡೆಯ ದಪ್ಪ ಕಳೆದರೆ ಅಗಲ ಸುಮಾರು 6 ಅಡಿ. ಒಂದು ಕೆಲಸ ಮಾಡಿ. ಬೆಳಗ್ಗೆ ಓಡಾಟ ಶುರುವಾಗುವ ಮೊದಲು ಮನೆ ಮುಂದಿನ ರಸ್ತೆಯಲ್ಲಿ ರಂಗೋಲಿ ಪುಡಿಯಿಂದ 42ಕ್ಕೆ 6 ಅಡಿ ಗೆರೆ ಎಳೆಯಿರಿ. ಅದರೊಳಗೆ ಮಂಚ, ಒಲೆ, ಬಚ್ಚಲು, ಬೀರು ಗುರುತಿಸಿ. ಆಮೇಲೆ ನೀವಿಬ್ಬರೂ ಎದುರುಬದುರು ನಡೆದು ನೋಡಿ. ಒಬ್ಬರು ದಾಟಬೇಕಾದರೆ ಇನ್ನೊಬ್ಬರು ಗೋಡೆಗೆ ಒರಗಬೇಕು. ಮಂಚ 4 ಅಡಿ ಅಗಲದ್ದಾದರೆ ಒಂದೇ ಕಡೆಯಿಂದ ಇಳಿಯಬಹುದು. ರಾತ್ರಿ ಎರಡು ಸಲ ಏಳುವ ವಯಸ್ಸಿನಲ್ಲಿ ಗೋಡೆ ಪಕ್ಕ ಮಲಗುವವರು ಯಾರು ಅಂತ ಮೊದಲೇ ಮಾತಾಡಿಕೊಳ್ಳಿ. ಅಡ್ಡಮಂಚ ಹಾಕಿಸಿ ಎರಡೂ ಕಡೆ ಇಳಿಯುವ ಹಾಗೆ ಮಾಡುವವರೂ ಇದ್ದಾರೆ. ಆಗ ಓಡಾಡುವ ದಾರಿಯೇ ಮುಚ್ಚುತ್ತದೆ.

ಹೊರ ಕವಚ ಉಕ್ಕಿನದು. ತಳಕ್ಕೆ 10 ಮಿಲಿಮೀಟರ್, ಪಕ್ಕಕ್ಕೆ 6, ಮೇಲಿನ ಕೋಣೆಗೆ 4 ಅನ್ನುವುದು ವಾಡಿಕೆಯ ಲೆಕ್ಕ. ಎರಡು ಮೂರು ವರ್ಷಕ್ಕೊಮ್ಮೆ ನೀರಿಂದ ಎತ್ತಿ ಡಾಂಬರಿನ ಕಪ್ಪು ಬಣ್ಣ ಬಳಿಯಬೇಕು. ಒಬ್ಬರು ನನ್ನನ್ನು ಕೇಳಿದ್ದರು: ಹರಿಹರದಲ್ಲಿ ಇಷ್ಟು ಒಳ್ಳೆಯ ವೆಲ್ಡರ್‌ಗಳಿದ್ದಾರೆ, ಇಲ್ಲೇ ಮಾಡಿಸಿ ಹಡಗಲ್ಲಿ ಕಳಿಸಿದರೆ ಅಗ್ಗ ಅಲ್ವಾ? ಕೈಕೆಲಸದ ಬಗ್ಗೆ ಅನುಮಾನ ಇಲ್ಲ. ಆದರೆ ದೊಡ್ಡ ಕಂಟೇನರ್ ಅಂದರೆ 40 ಅಡಿ. 57 ಅಡಿಯದ್ದು ಬಂದರಿಗೆ ಹೋಗುವುದೇ ಒಂದು ತೇರು ಎಳೆದ ಹಾಗೆ. ಅಲ್ಲಿ ಇಳಿದ ಮೇಲೆ ಆ ದೇಶದ ದೋಣಿ ನಿಯಮಕ್ಕೆ ಸರಿಯಾಗಿದೆ ಅಂತ ಸಾಬೀತು ಮಾಡುವ ಕಾಗದ ಬೇರೆ.

ತೂಕದ ಲೆಕ್ಕ ನನಗೆ ಇಷ್ಟವಾದ ಭಾಗ. ಈ ದೋಣಿ ಎರಡು ಅಡಿಯಷ್ಟು ಮುಳುಗಿ ನಿಂತರೆ ಸುಮಾರು 18 ಟನ್ ನೀರನ್ನು ಪಕ್ಕಕ್ಕೆ ತಳ್ಳಿರುತ್ತದೆ. ಅಷ್ಟೇ ಅದರ ತೂಕ. ಅದರ ಮೇಲೆ ಇನ್ನು 8 ಕ್ವಿಂಟಲ್ ಹೇರಿದರೆ ಒಂದು ಇಂಚು ಇಳಿಯುತ್ತದೆ. ಹೇರಿದ್ದು ಒಂದೇ ಪಕ್ಕಕ್ಕಾದರೆ ವಾಲುತ್ತದೆ. ಎತ್ತಿನ ಗಾಡಿಗೆ ಮೂಟೆ ಹೇರಿದವರಿಗೆ ಇದು ಹೊಸದಲ್ಲ. ಅಡುಗೆಮನೆ, ಫ್ರಿಜ್, ಬ್ಯಾಟರಿ, ಎಲ್ಲಾ ಎಡಕ್ಕೆ ಬಂದರೆ ಬಲಕ್ಕೆ ನೆಲದಡಿ ಕಾಂಕ್ರೀಟ್ ಕಲ್ಲು ಜಾಸ್ತಿ ಇಡುತ್ತಾರೆ. ಕುಡಿಯುವ ನೀರಿನ ಟ್ಯಾಂಕ್ ಸಾಮಾನ್ಯವಾಗಿ ಮೂತಿಯಲ್ಲಿರುತ್ತದೆ. 500 ಲೀಟರ್ ಖಾಲಿ ಆದಾಗ ಮೂತಿ ಮೇಲೇಳುತ್ತದೆ, ಬಚ್ಚಲ ನೀರು ಹರಿಯುವ ದಿಕ್ಕೂ ಬದಲಾಗಬಹುದು. ನಕ್ಷೆಯ ಜತೆಗೆ ತೂಕದ ಪಟ್ಟಿ ಕೊಡದ ಕಟ್ಟುವವರ ಹತ್ತಿರ ಮುಂಗಡ ಕೊಡಬೇಡಿ. ಹಣವನ್ನು ಹಂತ ಹಂತವಾಗಿ ಕೊಡಿ. ಎಷ್ಟಕ್ಕೆ ಹಣ ಕೊಟ್ಟಿದ್ದೀರೋ ಅಷ್ಟು ಕಬ್ಬಿಣ ನಿಮ್ಮದು ಅಂತ ಕರಾರಿನಲ್ಲಿ ಬರೆಸಿ.

ಇನ್ನು ಪಾಯಿಖಾನೆ. ನಾಚಿಕೆ ಬೇಡ, ದೋಣಿಯವರೆಲ್ಲ ಕೊನೆಗೆ ಮಾತಾಡುವುದು ಇದನ್ನೇ. ನಾನು ಒಮ್ಮೆ ಮಗನ ಸಂಸಾರದ ಜತೆ ಒಂದು ವಾರ ಬಾಡಿಗೆ ದೋಣಿಯಲ್ಲಿದ್ದೆ. ಅದರಲ್ಲಿ ಇದ್ದದ್ದು ಕ್ಯಾಸೆಟ್ ಥರದ್ದು. ಕೆಳಗೆ ಸುಮಾರು 20 ಲೀಟರಿನ ಡಬ್ಬಿ, ತುಂಬಿದ ಮೇಲೆ ಹೊತ್ತುಕೊಂಡು ಹೋಗಿ ಗೊತ್ತಾದ ಜಾಗದಲ್ಲಿ ಸುರಿಯಬೇಕು. ಇಬ್ಬರಿಗೆ ಎರಡು ಮೂರು ದಿನ ಬರುತ್ತದೆ ಅಂದಿದ್ದರು. ನಾವು ನಾಲ್ಕು ಜನ. ಮೊದಲ ಸಂಜೆಗೇ ಕೆಂಪು ದೀಪ! ಕಾರಣ ಆಮೇಲೆ ಹೊಳೆಯಿತು. ಅವರು ಕಾಗದ ಬಳಸುವವರು, ನಾವು ಚೊಂಬು. ಅವರ ಲೆಕ್ಕದಲ್ಲಿ ನಮ್ಮ ನೀರು ಸೇರಿಯೇ ಇಲ್ಲ. ಒಣದಾಗಿ ಬೇರ್ಪಡಿಸಿ ಗೊಬ್ಬರ ಮಾಡುವ ಹೊಸ ಥರದ್ದಂತೂ ನಮ್ಮ ಅಭ್ಯಾಸಕ್ಕೆ ಹೊಂದುವುದೇ ಇಲ್ಲ. ನಮ್ಮವರಿಗೆ ದೊಡ್ಡ ಟ್ಯಾಂಕಿನ, ಪಂಪಿನಿಂದ ಹೀರಿ ತೆಗೆಸುವ ವ್ಯವಸ್ಥೆಯೇ ಸರಿ. ಚಳಿಯಲ್ಲಿ ಕಾಲುವೆ ಹೆಪ್ಪುಗಟ್ಟಿ ಪಂಪಿನ ಹತ್ತಿರ ಹೋಗಲಾಗದ ದಿನಕ್ಕೆ ಒಂದು ಕ್ಯಾಸೆಟ್ ಕೂಡ ಇಟ್ಟುಕೊಂಡಿರಿ. ಸಿಂಕಿನ ನೀರು, ಸ್ನಾನದ ನೀರು ಮಾತ್ರ ಸೀದಾ ಕಾಲುವೆಗೆ ಹೋಗುತ್ತದೆ. ಅಲ್ಲಿ ಅದಕ್ಕೆ ಅಡ್ಡಿ ಇಲ್ಲ.

ಗ್ಯಾಸ್ ಬಗ್ಗೆ ಎರಡು ಮಾತು. ಅಡುಗೆ ಅನಿಲ ಗಾಳಿಗಿಂತ ಭಾರ. ಮನೆಯಲ್ಲಿ ಸೋರಿದರೆ ಬಾಗಿಲ ಸಂದಿಯಿಂದ ಹೊರಗೆ ಹೋಗಲು ದಾರಿ ಇದೆ. ದೋಣಿ ಅಂದರೆ ಬೋಗುಣಿ, ತಳದಲ್ಲೇ ಕೂರುತ್ತದೆ. ಅದಕ್ಕೇ ಸಿಲಿಂಡರ್‌ಗೆ ಬೇರೆ ಗೂಡು ಇರುತ್ತದೆ. ಸೋರಿದ ಅನಿಲ ಹೊರಗೆ ಇಳಿದು ಹೋಗಲು ಅದಕ್ಕೆ ತೂತು ಬೇಕು. ಕಾರ್ಬನ್ ಮಾನಾಕ್ಸೈಡ್ ಅಲಾರಂ ಕಡ್ಡಾಯ. ನಾಲ್ಕು ವರ್ಷಕ್ಕೊಮ್ಮೆ ಸುರಕ್ಷತೆಯ ತಪಾಸಣೆ ಆಗಬೇಕು. ಅನ್ನ ಬಸಿಯುವ, ಸಾರು ಕುದಿಸುವ ಹಬೆ ತಣ್ಣನೆ ಉಕ್ಕಿಗೆ ತಾಗಿದರೆ ಒಳಗೇ ಹನಿ ಬೀಳುತ್ತದೆ. ಗೋಡೆಯೊಳಗೆ ಫೋಮ್ ಹೊಡೆಸುವುದರಲ್ಲಿ ಉಳಿತಾಯ ಮಾಡಬೇಡಿ.

ಕರೆಂಟು? ಸೋಲಾರ್ ಅಂತ ನಂಬಿಕೊಂಡಿದ್ದರೆ ಕೇಳಿ. ಡಿಸೆಂಬರಿನ ಮಧ್ಯಾಹ್ನ ದಾವಣಗೆರೆಯಲ್ಲಿ ಸೂರ್ಯ 52 ಡಿಗ್ರಿ ಎತ್ತರದಲ್ಲಿರುತ್ತಾನೆ. ಮ್ಯಾಂಚೆಸ್ಟರ್‌ನಲ್ಲಿ 13 ಡಿಗ್ರಿ, ಅದೂ ಮೋಡ ಇಲ್ಲದಿದ್ದರೆ. ದೋಸೆ ಹಿಟ್ಟು ರುಬ್ಬಲು ಬ್ಯಾಟರಿ, ಇನ್ವರ್ಟರ್ ಸಾಕು. ಹಿಟ್ಟು ಹುಳಿ ಬರಿಸುವುದೇ ಕಷ್ಟ. ಹಿಟ್ಟಿನ ಪಾತ್ರೆಯನ್ನು ಸೌದೆ ಒಲೆಯ ಪಕ್ಕ ಇಡಿ.

ಇದೆಲ್ಲಕ್ಕೂ ಮೊದಲೇ ಹೇಳಬೇಕಾದ್ದನ್ನು ಈಗ ಹೇಳುತ್ತಿದ್ದೇನೆ. ನೀವು ಹೋಗುವುದು ವಿಸಿಟರ್ ವೀಸಾದಲ್ಲಿ. ಹತ್ತು ವರ್ಷದ ವೀಸಾ ಇದ್ದರೂ ಒಂದು ಸಲಕ್ಕೆ ಆರು ತಿಂಗಳು ಮಾತ್ರ. ಮತ್ತೆ ಮತ್ತೆ ಹೋಗಿ ಅಲ್ಲೇ ವಾಸ ಮಾಡುವ ಹಾಗಿಲ್ಲ. ಬರೀ ನಿವೃತ್ತರಿಗೆ ಅಂತ ಅಲ್ಲಿ ವೀಸಾ ಇಲ್ಲ. ಹೀಗಾಗಿ ವರ್ಷವಿಡೀ ನೀರ ಮೇಲೆ ಅನ್ನುವುದನ್ನು ಬಿಡಿ. ಮೇ ತಿಂಗಳಿಂದ ಎರಡು ಮೂರು ತಿಂಗಳು ಅಂತ ಇಟ್ಟುಕೊಳ್ಳಿ. ನಮ್ಮಲ್ಲಿ ಬಿಸಿಲು ಏರುವಾಗ ಹೊರಟು, ಶ್ರಾವಣದ ಹೊತ್ತಿಗೆ ವಾಪಸ್ ಬಂದುಬಿಡಬಹುದು. ಆಗ ಚಳಿಗಾಲದ ಲೆಕ್ಕ ಅರ್ಧ ಬಿಟ್ಟುಹೋಗುತ್ತದೆ. ಬರುವಾಗ ಪೈಪುಗಳ ನೀರು ಪೂರ್ತಿ ಬಸಿದು ಬರಬೇಕು, ಇಲ್ಲದಿದ್ದರೆ ಹೆಪ್ಪುಗಟ್ಟಿ ಒಡೆಯುತ್ತವೆ.

ದೋಣಿ ನಿಲ್ಲಿಸುವ ಜಾಗದ ಕಥೆಯೂ ಇದಕ್ಕೇ ಸೇರಿದ್ದು. ಇಂಗ್ಲೆಂಡ್, ವೇಲ್ಸ್‌ನ ಸುಮಾರು 2000 ಮೈಲಿ ಜಲಮಾರ್ಗಗಳನ್ನು ನೋಡಿಕೊಳ್ಳುವುದು ಕೆನಾಲ್ ಆ್ಯಂಡ್ ರಿವರ್ ಟ್ರಸ್ಟ್. ಲೈಸೆನ್ಸ್ ಅವರದ್ದೇ. ನಿಮ್ಮದೇ ಜಾಗ ಇಲ್ಲದಿದ್ದರೆ ಒಂದೇ ಕಡೆ 14 ದಿನಕ್ಕಿಂತ ಜಾಸ್ತಿ ನಿಲ್ಲುವ ಹಾಗಿಲ್ಲ, 1995ರ ಕಾಯ್ದೆ ಹಾಗೆ ಹೇಳುತ್ತದೆ. ಅಂದರೆ ಎರಡು ವಾರಕ್ಕೊಮ್ಮೆ ಮನೆ ಸಾಗಿಸುವುದು, ದಾರಿಯಲ್ಲಿ ಲಾಕ್ ಬಾಗಿಲಿನ ಮರದ ತೊಲೆಗೆ ಬೆನ್ನು ಕೊಟ್ಟು ನೂಕುವುದು. ನನ್ನ ಮಂಡಿ ಮೂರನೇ ದಿನಕ್ಕೇ ಮಾತಾಡಿತು. ಖಾಯಂ ವಾಸದ ಜಾಗ ಸಿಗುವುದು ಕಷ್ಟ. ನಿಮ್ಮ ಎರಡು ಮೂರು ತಿಂಗಳಿಗೆ ಮಗಳ ಮನೆ ಹತ್ತಿರ ವಿಹಾರದ ದೋಣಿಗಳು ನಿಲ್ಲುವ ಜಾಗ ಸಾಕು.

ನನ್ನ ಅಭಿಪ್ರಾಯ ಕೇಳಿದರೆ, ಹೊಸದು ಕಟ್ಟಿಸುವ ಮಾತು ಎರಡು ವರ್ಷ ಮುಂದೆ ಹಾಕಿ. ಮೊದಲ ವರ್ಷ ಒಂದು ವಾರ ಬಾಡಿಗೆಗೆ ಹಿಡಿಯಿರಿ. ಬೇಸಿಗೆಯಲ್ಲಿ ಬೇಡ, ಅಕ್ಟೋಬರ್ ಕೊನೆಯಲ್ಲಿ, ಮಳೆ ಹೊಡೆಯುವಾಗ. ಇಬ್ಬರೂ ಮಾತು ಬಿಡದೆ ಇಳಿದು ಬಂದರೆ ಮುಂದಿನದ್ದು ನೋಡೋಣ. ಆಮೇಲೂ ಕಟ್ಟಿಸಲೇಬೇಕು ಅನಿಸಿದರೆ ಮಗಳು, ಅಳಿಯನೂ ಬಳಸುವ ಹಾಗೆ ಕಟ್ಟಿಸಿ. ಮೆಟ್ಟಿಲು ಅಗಲವಾಗಿರಲಿ, ಹಿಡಿಯಲು ಕಂಬಿ ಇರಲಿ. ಹಣ ಕಳಿಸುವುದಕ್ಕೆ ರಿಸರ್ವ್ ಬ್ಯಾಂಕಿನ ಮಿತಿ ವರ್ಷಕ್ಕೆ ಒಬ್ಬರಿಗೆ ಎರಡೂವರೆ ಲಕ್ಷ ಡಾಲರ್. ಅದನ್ನು ನಿಮಗೆ ನಾನು ಹೇಳಿಕೊಡಬೇಕಾ!

ಇನ್ನು ಮನೆಯವರ ಪ್ರಶ್ನೆ. ತುಳಸಿ ಕುಂಡವನ್ನು ದೋಣಿಯ ಚಾವಣಿ ಮೇಲೆ ಇಡಬಹುದು, ಅಲ್ಲಿ ಎಲ್ಲರೂ ಹೂಕುಂಡ ಇಡುತ್ತಾರೆ. ಆದರೆ ಹಳೆಯ ಕಲ್ಲು ಸೇತುವೆಗಳು ತಗ್ಗು. ಕಟ್ಟೆ ಎತ್ತರ ಇದ್ದರೆ ಮೊದಲ ಸೇತುವೆಗೇ ಉರುಳುತ್ತದೆ, ಗಿಡ್ಡ ಕುಂಡ ತಗೊಳ್ಳಿ. ರಾತ್ರಿ ಚಳಿ ಅನಿಸಿದರೆ ಒಳಗೆ ತಂದು ಕಿಟಕಿ ಹತ್ತಿರ ಇಡಿ. ದುಂಡನೆಯ ಸಣ್ಣ ಕಿಟಕಿಗಳು ನೋಡಲು ಚೆನ್ನ, ಬೆಳಕು ಸಾಲದು. ಅಡುಗೆಮನೆಗೆ ಒಂದಾದರೂ ಅಗಲದ ಕಿಟಕಿ ಬೇಕು ಅಂತ ನಕ್ಷೆಯಲ್ಲಿ ಬರೆಸಿ.