ಯುದ್ಧಗೌರವ: ಸೋತವರು ಹೇಗೆ ಹೊರಗೆ ಬರಬೇಕು?

ಕಾರ್ನ್‌ವಾಲಿಸ್ ಅಂದ ಕೂಡಲೇ ನಮಗೆ ನೆನಪಾಗುವುದು 1792ರ ಶ್ರೀರಂಗಪಟ್ಟಣ. ಟಿಪ್ಪುವಿನಿಂದ ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಒತ್ತೆಯಾಗಿ ಇಬ್ಬರು ಮಕ್ಕಳನ್ನು ಬರೆಸಿಕೊಂಡವನು. ಇದೇ ಕಾರ್ನ್‌ವಾಲಿಸ್ ಹತ್ತು ವರ್ಷ ಮೊದಲು ಅಮೆರಿಕದ ಯಾರ್ಕ್‌ಟೌನಿನಲ್ಲಿ ಸೋತು, ‘ಮೈ ಹುಷಾರಿಲ್ಲ’ ಅಂತ ಒಳಗೇ ಉಳಿದುಬಿಟ್ಟಿದ್ದ. ಯಾಕೆ ಅಂತ ತಿಳಿಯಬೇಕಾದರೆ ‘ಆನರ್ಸ್ ಆಫ್ ವಾರ್’ ಅನ್ನುವ ಮಾತು ಗೊತ್ತಿರಬೇಕು. ಕನ್ನಡದಲ್ಲಿ ‘ಯುದ್ಧಗೌರವ’ ಅನ್ನೋಣ.

ಪದ ನೋಡಿದರೆ ಪದಕವೋ ಬಿರುದೋ ಅನಿಸುತ್ತೆ, ಅಲ್ವಾ? ಇದು ಸೋತವರಿಗೆ ಸಿಗುತ್ತಿದ್ದ ಮರ್ಯಾದೆ. ಮುತ್ತಿಗೆಯಲ್ಲಿ ಚೆನ್ನಾಗಿ ಹೋರಾಡಿ, ಬೇರೆ ದಾರಿಯಿಲ್ಲದೆ ಶರಣಾದ ಸೈನ್ಯ ಬಾವುಟ ಬಿಚ್ಚಿ ಹಿಡಿದು, ನಗಾರಿ ಬಾರಿಸುತ್ತಾ ಕೋಟೆಯಿಂದ ಹೊರಬರಬಹುದಿತ್ತು. ಗೆದ್ದವರ ರಾಗವನ್ನೇ ನುಡಿಸುವ ಪದ್ಧತಿಯೂ ಇತ್ತು. ಸೋತಿದ್ದೇವೆ, ಆದರೆ ನಿಮಗೆ ಸರಿಸಮಾನರೇ ಅನ್ನುವ ಠೀವಿ ಅದು.

ಅಮೆರಿಕ ಬ್ರಿಟಿಷರ ವಿರುದ್ಧ ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿದ್ದ ಕಾಲ. 1780ರ ಮೇ ತಿಂಗಳಲ್ಲಿ ಅಲ್ಲಿನ ಚಾರ್ಲ್ಸ್‌ಟನ್ ಊರು ಬ್ರಿಟಿಷರ ಕೈಸೇರಿತು. ಅಮೆರಿಕದ ಸೇನಾಪತಿ ಬೆಂಜಮಿನ್ ಲಿಂಕನ್ ಈ ಗೌರವ ಕೇಳಿದ. ಬ್ರಿಟಿಷ್ ದಂಡನಾಯಕ ಕ್ಲಿಂಟನ್ ಕೊಡಲಿಲ್ಲ. ಬಾವುಟ ಸುತ್ತಿಡಿ, ಬ್ರಿಟಿಷ್ ರಾಗ ನುಡಿಸಕೂಡದು ಅಂದ. ದಂಗೆಕೋರರಿಗೆ ಎಂಥಾ ಮರ್ಯಾದೆ ಅನ್ನುವ ಧೋರಣೆ.

ಮರುವರ್ಷ ಅಕ್ಟೋಬರಿನಲ್ಲಿ ಲೆಕ್ಕ ತಿರುಗಿತು. ಯಾರ್ಕ್‌ಟೌನಿನಲ್ಲಿ 7,000ಕ್ಕೂ ಹೆಚ್ಚು ಮಂದಿಯ ಬ್ರಿಟಿಷ್ ಸೈನ್ಯ ಸಿಕ್ಕಿಬಿದ್ದಿತ್ತು. ಕರಾರು ಬರೆಯಲು ವಾಷಿಂಗ್ಟನ್ ಕಳಿಸಿದ್ದು ಜಾನ್ ಲಾರೆನ್ಸ್ ಎಂಬ ತರುಣನನ್ನು. ಅವನೂ ಚಾರ್ಲ್ಸ್‌ಟನ್ನಿನಲ್ಲಿ ಸೆರೆಯಾಗಿದ್ದವನೇ! ಷರತ್ತು ತೀರಾ ಕಠಿಣವಾಯಿತು ಅಂತ ಬ್ರಿಟಿಷ್ ಕಡೆಯ ರಾಸ್ ಗೊಣಗಿದ. ಲಾರೆನ್ಸ್ ಚಾರ್ಲ್ಸ್‌ಟನ್ ನೆನಪಿಸಿದ. ಅಲ್ಲಿದ್ದದ್ದು ಕ್ಲಿಂಟನ್, ಕಾರ್ನ್‌ವಾಲಿಸ್ ದಂಡನಾಯಕನಾಗಿರಲಿಲ್ಲವಲ್ಲ ಅಂತ ರಾಸ್ ವಾದ. ವ್ಯಕ್ತಿ ಯಾರಾದರೇನು, ದೇಶ ಅದೇ ಅನ್ನುವುದು ಲಾರೆನ್ಸ್ ಉತ್ತರ. ಯುದ್ಧಗೌರವದ ತಿರುಳು ಇಷ್ಟೇ ಅಂತ ನನಗನಿಸುತ್ತೆ: ಅದು ಒಬ್ಬ ಸೇನಾಪತಿಯ ಸ್ವಂತ ಮಾನದ ಮಾತಲ್ಲ, ಎರಡು ಪಕ್ಷಗಳ ನಡುವಿನ ಕೊಡು–ಕೊಳ್ಳು.

ಕೊನೆಗೆ ಬರೆದದ್ದು: ಬಾವುಟ ಸುತ್ತಿರಬೇಕು, ನಗಾರಿಯಲ್ಲಿ ಬ್ರಿಟಿಷ್ ಅಥವಾ (ಬ್ರಿಟಿಷರ ಜೊತೆ ಜರ್ಮನ್ ಪಡೆಗಳೂ ಇದ್ದವು) ಜರ್ಮನ್ ರಾಗ ಮಾತ್ರ.

ಅಕ್ಟೋಬರ್ 19ರಂದು ಕಾರ್ನ್‌ವಾಲಿಸ್ ಬದಲು ಅವನ ಕೈಕೆಳಗಿನ ಓಹಾರಾ ಬಂದ. ಅಮೆರಿಕದ ಜೊತೆ ಸೇರಿ ಹೋರಾಡಿದ್ದ ಫ್ರೆಂಚ್ ಸೇನಾಪತಿ ರೋಷಾಂಬೋ ಕಡೆ ನೇರ ಹೋದ. ದಂಗೆಕೋರರಿಗೆ ಶರಣಾಗುವುದಕ್ಕಿಂತ ಫ್ರೆಂಚರೇ ವಾಸಿ ಅನಿಸಿರಬೇಕು. ರೋಷಾಂಬೋ ವಾಷಿಂಗ್ಟನ್ ಕಡೆ ತೋರಿಸಿದ. ಬಂದವನು ಎರಡನೇ ದರ್ಜೆಯವನು ಅಂತ ವಾಷಿಂಗ್ಟನ್ ತನ್ನ ಎರಡನೆಯವನ ಕಡೆ ಕೈ ಮಾಡಿದ. ಅವನೇ ಚಾರ್ಲ್ಸ್‌ಟನ್ನಿನ ಲಿಂಕನ್.

ಇನ್ನೊಂದು ವಿಷಯ ಹೇಳದೇ ಇರಲಾಗದು. ಜಾನ್‌ನ ತಂದೆ ಹೆನ್ರಿ ಲಾರೆನ್ಸ್ ಅಮೆರಿಕದ ರಾಯಭಾರಿಯಾಗಿ ಹಾಲೆಂಡಿಗೆ ಹೊರಟು ಸಮುದ್ರದಲ್ಲೇ ಸಿಕ್ಕಿಬಿದ್ದು, ಆಗ ಲಂಡನ್ ಟವರ್ ಸೆರೆಯಲ್ಲಿದ್ದ. ಆ ಟವರಿನ ಕಾನ್‌ಸ್ಟೇಬಲ್ (ಪೊಲೀಸನಲ್ಲ, ಕೋಟೆಯ ಮುಖ್ಯಾಧಿಕಾರಿ) ಪದವಿ ಕಾರ್ನ್‌ವಾಲಿಸನದ್ದೇ. ಮಗ ಯಾರ ಸೈನ್ಯಕ್ಕೆ ಷರತ್ತು ಬರೆದನೋ, ಅಪ್ಪ ಇದ್ದದ್ದು ಅವನ ಹೆಸರಿನ ಕೋಟೆಯ ಸೆರೆಯಲ್ಲಿ. ಆಮೇಲೆ ಇಬ್ಬರು ಕೈದಿಗಳ ವಿನಿಮಯವೂ ಆಯಿತು: ಅಮೆರಿಕದವರಿಗೆ ಹೆನ್ರಿ, ಬ್ರಿಟಿಷರಿಗೆ ಕಾರ್ನ್‌ವಾಲಿಸ್.