ಮನೆ ಚೆಸ್‌ನಿಂದ ಟೂರ್ನಮೆಂಟ್ ಚೆಸ್‌ಗೆ: ನಿಯಮ, ಪದ, ಎಡವುವ ಜಾಗಗಳು

ನಮ್ಮ ಕಲಬುರಗಿ ಕಡೆ ಚೆಸ್ ಆಡುವವರಲ್ಲಿ ಜಾಸ್ತಿ ಜನ ಮನೆಯಲ್ಲೇ ಕಲಿತವರು. ನನಗೆ ಕಲಿಸಿದ್ದು ಮುತ್ಯಾ, ಅಂದರೆ ಅಜ್ಜ. "ಆನಿ ನೆಟ್ಟಗ ಹೋಗ್ತದ, ಒಂಟಿ ಸೊಟ್ಟ ಹೋಗ್ತದ, ಕುದುರಿ ಎರಡೂವರಿ ಮನಿ ಜಿಗೀತದ ನೋಡು" ಅಂತ ಒಂದೇ ಉಸಿರಿನಲ್ಲಿ ಪಾಠ ಮುಗಿಸಿದ್ದರು. ಒಂದು ಪ್ಯಾದೆ ಕಳೆದುಹೋಗಿತ್ತು, ಅದರ ಜಾಗದಲ್ಲಿ ಹುಣಸೆ ಬೀಜ ಇಡುತ್ತಿದ್ದೆವು. ಆ ಪಾಠ ಇವತ್ತಿಗೂ ಸರಿ. ಆದರೆ ಟೂರ್ನಮೆಂಟ್‌ಗೆ ಹೋದಾಗ ಅದರ ಜೊತೆ ಇನ್ನಷ್ಟು ಬೇಕಾಗುತ್ತದೆ. ನನ್ನಂತೆ ಮನೆಯಿಂದ ಶುರು ಮಾಡಿದವರಿಗಾಗಿ ಈ ಟಿಪ್ಪಣಿ.

ಮೊದಲು ಪದಗಳು. ನಾವು ವಜೀರ ಅಥವಾ ಮಂತ್ರಿ ಅನ್ನುವ ಕಾಯಿ ಇಂಗ್ಲಿಷ್‌ನಲ್ಲಿ ಕ್ವೀನ್. ಆನೆ ಅಂದರೆ ರೂಕ್, ಒಂಟೆ ಅಂದರೆ ಬಿಷಪ್, ಕುದುರೆ ಅಂದರೆ ನೈಟ್, ಪ್ಯಾದೆ ಅಂದರೆ ಪಾನ್. ರಾಜನ ಮೇಲೆ ದಾಳಿ ಬಂದಾಗ ಮುತ್ಯಾ "ಶಹ್" ಅನ್ನುತ್ತಿದ್ದರು. ಅದು ಪಾರ್ಸಿ (ಪರ್ಷಿಯನ್) ಭಾಷೆಯ ಶಾಹ್, ಅಂದರೆ ರಾಜ. ಚೆಕ್ ಅನ್ನುವ ಪದ ಹುಟ್ಟಿದ್ದೂ ಅದರಿಂದಲೇ. ಚೆಕ್‌ಮೇಟ್ ಬಂದಿದ್ದು ಪಾರ್ಸಿಯ ಶಾಹ್ ಮಾತ್‌ನಿಂದ, ರಾಜನಿಗೆ ಇನ್ನು ದಾರಿ ಇಲ್ಲ ಅನ್ನುವ ಅರ್ಥದಲ್ಲಿ. ಬಹಮನಿ ದರ್ಬಾರಿನಲ್ಲಿ ಪಾರ್ಸಿ ನಡೆಯುತ್ತಿದ್ದ ಊರು ನಮ್ಮದು. ಹಾಗಾಗಿ "ಶಹ್" ಅನ್ನೋಕೆ ಯಾರೂ ನಾಚಬೇಕಾಗಿಲ್ಲ. ಅದು ಚೆಕ್‌ಗಿಂತ ಹಳೆಯ ಪದ.

ಬೋರ್ಡ್ ಇಡುವಾಗ ನಿಮ್ಮ ಬಲಗೈ ಮೂಲೆಗೆ ಬಿಳಿ ಮನೆ ಬರಬೇಕು. ಬಿಳಿ ಮಂತ್ರಿ ಬಿಳಿ ಮನೆಯಲ್ಲಿ, ಕಪ್ಪು ಮಂತ್ರಿ ಕಪ್ಪು ಮನೆಯಲ್ಲಿ. ಮನೆಗಳ ಹೆಸರು ಬಿಳಿಯವರ ಎಡಗಡೆಯಿಂದ ಎ, ಬಿ, ಸಿ ಅಂತ ಎಚ್ ತನಕ. ಅವರ ಕಡೆಯಿಂದಲೇ ಮೇಲಕ್ಕೆ 1ರಿಂದ 8. ಇದು ಎರಡು ದಿನದಲ್ಲಿ ಬಾಯಿಗೆ ಬರುತ್ತದೆ.

ಈಗ ಮನೆಯ ನಿಯಮಗಳ ವಿಷಯ. ನಮ್ಮಲ್ಲಿ ಶುರುವಿನಲ್ಲಿ ಎರಡು ಪ್ಯಾದೆಗಳನ್ನು ಒಂದೊಂದು ಮನೆ ನಡೆಸುವ ರೂಢಿ ಇದೆ. ಪ್ಯಾದೆ ಕೊನೆ ಸಾಲು ಮುಟ್ಟಿದರೆ ಸತ್ತ ಕಾಯಿ ಮಾತ್ರ ವಾಪಸ್ ಬರಬೇಕು ಅನ್ನುತ್ತಾರೆ. ಶಹ್ ಬಾಯಿಬಿಟ್ಟು ಹೇಳಲೇಬೇಕು ಅನ್ನುತ್ತಾರೆ. ಟೂರ್ನಮೆಂಟ್‌ಗಳು ಪಾಲಿಸುವ ಫಿಡೆ (ಅಂತರರಾಷ್ಟ್ರೀಯ ಚೆಸ್ ಸಂಸ್ಥೆ) ನಿಯಮದಲ್ಲಿ ಈ ಮೂರೂ ಇಲ್ಲ. ಹಾಗಂತ ಹಿರಿಯರು ಸುಳ್ಳು ಕಲಿಸಿದರು ಅಂತ ತಿಳಿಯಬೇಡಿ. ನಮ್ಮ ದೇಶದ ಹಳೆ ಪದ್ಧತಿಯೇ ಬೇರೆ ಇತ್ತು. ಅದರಲ್ಲಿ ಪ್ಯಾದೆ ಮೊದಲ ಸಲವೂ ಒಂದೇ ಮನೆ ಹೋಗುತ್ತಿತ್ತು. ಕ್ಯಾಸ್ಲಿಂಗ್ (ಅದನ್ನು ಮುಂದೆ ಹೇಳಿದ್ದೇನೆ) ಬದಲು ರಾಜ ಒಂದು ಸಲ ಕುದುರೆಯಂತೆ ಜಿಗಿಯಬಹುದಿತ್ತು. ಪಂಜಾಬಿನ ಮೀರ್ ಸುಲ್ತಾನ್ ಖಾನ್ ಆ ಪದ್ಧತಿಯಲ್ಲೇ ಕಲಿತು, ದೊಡ್ಡವರಾದ ಮೇಲೆ ಯುರೋಪಿನ ನಿಯಮ ಕಲಿತು, 1929, 1932, 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು. ನಾವು ಬದಲಾಯಿಸಿಕೊಳ್ಳಬೇಕಾದದ್ದು ಅವರಿಗಿಂತ ಎಷ್ಟೋ ಕಡಿಮೆ.

ಕ್ಯಾಸ್ಲಿಂಗ್ ಅಂದರೆ ಕೋಟೆ ಕಟ್ಟೋದು. ರಾಜ ಆನೆಯ ಕಡೆ ಎರಡು ಮನೆ ಸರಿಯುತ್ತಾನೆ, ಆನೆ ಅವನನ್ನು ದಾಟಿ ಪಕ್ಕಕ್ಕೆ ಬಂದು ನಿಲ್ಲುತ್ತದೆ. ಅವರಿಬ್ಬರೂ ಆಟದಲ್ಲಿ ಮೊದಲು ಅಲ್ಲಾಡಿರಬಾರದು. ನಡುವೆ ಯಾವ ಕಾಯಿಯೂ ಇರಬಾರದು. ರಾಜನಿಗೆ ಶಹ್ ಇರುವಾಗ ಮಾಡುವಂತಿಲ್ಲ. ಅವನು ದಾಟುವ ಮನೆ, ತಲುಪುವ ಮನೆ ಎರಡರ ಮೇಲೂ ಎದುರಾಳಿಯ ಕಣ್ಣು ಇರಬಾರದು. ಆದರೆ ಆನೆಯ ಮೇಲೆ ದಾಳಿ ಇದ್ದರೆ ಅಡ್ಡಿ ಇಲ್ಲ. ಇದರಲ್ಲಿ ದೊಡ್ಡವರಿಗೂ ಅನುಮಾನ ಬಂದದ್ದುಂಟು. 1974ರಲ್ಲಿ ಸೋವಿಯತ್ ಗ್ರ್ಯಾಂಡ್‌ಮಾಸ್ಟರ್ ಕಾರ್ಪೋವ್ ವಿರುದ್ಧ ಆಡುವಾಗ ಅದೇ ದೇಶದ ಗ್ರ್ಯಾಂಡ್‌ಮಾಸ್ಟರ್ ಕೊರ್ಚ್‌ನೋಯ್ ಆರ್ಬಿಟರ್ (ಆಟದ ತೀರ್ಪುಗಾರ) ಹತ್ತಿರ ಹೋಗಿ ಇದನ್ನೇ ಕೇಳಿ ಖಚಿತ ಮಾಡಿಕೊಂಡರು. ಇನ್ನೊಂದು ಮಾತು: ಕ್ಯಾಸ್ಲಿಂಗ್ ಮಾಡುವಾಗ ಒಂದೇ ಕೈ ಬಳಸಿ, ಮೊದಲು ರಾಜನನ್ನೇ ಮುಟ್ಟಿ. ಮೊದಲು ಆನೆ ಮುಟ್ಟಿದರೆ ಆನೆಯನ್ನೇ ನಡೆಸಬೇಕಾಗುತ್ತದೆ. ಮುಟ್ಟಿದ ಕಾಯಿ ನಡೆಸಲೇಬೇಕು ಅನ್ನುವ ಟಚ್ ಮೂವ್ ನಿಯಮ ಟೂರ್ನಮೆಂಟ್‌ನಲ್ಲಿ ಬಿಗಿ. ಕಾಯಿ ಸುಮ್ನೆ ಸರಿ ಮಾಡಬೇಕಿದ್ದರೆ ನಿಮ್ಮ ಸರದಿಯಲ್ಲಿ "ಅಡ್ಜಸ್ಟ್" ಅಂತ ಮೊದಲೇ ಹೇಳಿ.

ಆನ್ ಪಾಸಾಂ ನನಗೆ ಎಲ್ಲಕ್ಕಿಂತ ತಡವಾಗಿ ಅರ್ಥವಾದ ನಿಯಮ. ಅದು ಫ್ರೆಂಚ್ ಮಾತು, ಅರ್ಥ "ದಾಟಿ ಹೋಗುವಾಗ". ಬೋರ್ಡ್ ಮೇಲೆ ಇಟ್ಟು ನೋಡಿ. ನಿಮ್ಮ ಬಿಳಿ ಪ್ಯಾದೆ ಇ5ರಲ್ಲಿದೆ. ಕಪ್ಪು ಪ್ಯಾದೆ ಡಿ7ರಿಂದ ಎರಡು ಮನೆ ಹಾರಿ ಡಿ5ಕ್ಕೆ ಬಂದು ನಿಮ್ಮ ಪಕ್ಕ ನಿಂತಿತು. ಒಂದೇ ಮನೆ ಬಂದಿದ್ದರೆ ಅದು ಡಿ6ರಲ್ಲಿ ನಿಮ್ಮ ಕೈಗೆ ಸಿಗುತ್ತಿತ್ತು, ಅಲ್ವಾ? ಹಾಗೆ ಸಿಕ್ಕಿತು ಅಂತಲೇ ಲೆಕ್ಕ. ನಿಮ್ಮ ಪ್ಯಾದೆ ಡಿ6ಕ್ಕೆ ಹೋಗಿ ಕೂರುತ್ತದೆ, ಡಿ5ರ ಕಪ್ಪು ಪ್ಯಾದೆ ಹೊರಗೆ ಹೋಗುತ್ತದೆ. ಆಟ ಬೇಗ ನಡೆಯಲಿ ಅಂತ ಯುರೋಪಿನಲ್ಲಿ ಪ್ಯಾದೆಗೆ ಎರಡು ಮನೆ ಕೊಟ್ಟರು. ಆ ಸವಲತ್ತು ಬಳಸಿ ಅದು ತಪ್ಪಿಸಿಕೊಳ್ಳಬಾರದು ಅಂತ ಈ ನಿಯಮ ಬಂತು. ಕಾರಣ ಗೊತ್ತಾದ ಮೇಲೆ ನನಗೆ ಮರೆತೇ ಇಲ್ಲ. ಈ ಹಕ್ಕು ತಕ್ಷಣದ ನಡೆಗೆ ಮಾತ್ರ. ಒಂದು ನಡೆ ಬಿಟ್ಟರೆ ಹೋಯಿತು.

ಪ್ಯಾದೆ ಕೊನೆ ಸಾಲು ಮುಟ್ಟಿದಾಗ ಮಂತ್ರಿ, ಆನೆ, ಒಂಟೆ, ಕುದುರೆಗಳಲ್ಲಿ ಯಾವುದನ್ನಾದರೂ ತೆಗೆದುಕೊಳ್ಳಬಹುದು. ಮಂತ್ರಿ ಇನ್ನೂ ಬದುಕಿದ್ದರೂ ಎರಡನೆಯದು ಬರುತ್ತದೆ. ಮನೆಯಲ್ಲಿ ನಾವು ಆನೆಯನ್ನು ಉಲ್ಟಾ ಇಟ್ಟು "ಇದು ಮಂತ್ರಿ" ಅನ್ನುತ್ತೇವೆ. ಟೂರ್ನಮೆಂಟ್‌ನಲ್ಲಿ ಉಲ್ಟಾ ಇಟ್ಟ ಆನೆ ಆನೆಯೇ. ಇನ್ನೊಂದು ಮಂತ್ರಿ ಹತ್ತಿರದಲ್ಲಿ ಇಲ್ಲದಿದ್ದರೆ ಗಡಿಯಾರ ನಿಲ್ಲಿಸಿ ಆರ್ಬಿಟರ್‌ನ ಕೇಳಿ.

ಡ್ರಾ ಆಗುವ ದಾರಿಗಳು ಹಲವು. ಒಪ್ಪಿಕೊಂಡು ಡ್ರಾ ಮಾಡಬಹುದು. ಅದೇ ಸ್ಥಿತಿ 3 ಸಲ ಬಂದರೆ, ಅಥವಾ ಇಬ್ಬರೂ 50 ನಡೆ ಪ್ಯಾದೆ ಮುಟ್ಟದೆ, ಕಾಯಿ ಹೊಡೆಯದೆ ಆಡಿದರೆ ಡ್ರಾ ಕೇಳಬಹುದು. 5 ಸಲ ಅಥವಾ 75 ನಡೆ ಆದರೆ ಯಾರೂ ಕೇಳದಿದ್ದರೂ ಆಟ ಮುಗಿಯುತ್ತದೆ. ಆದರೆ ಹೊಸಬರ ಗೆಲುವು ಕಸಿಯುವುದು ಸ್ಟೇಲ್‌ಮೇಟ್. ಆಡುವ ಸರದಿ ಇದ್ದು, ಶಹ್ ಇಲ್ಲದೆ, ಆಡಲು ಒಂದೂ ನಡೆ ಇಲ್ಲದಿದ್ದರೆ ಅದು ಸ್ಟೇಲ್‌ಮೇಟ್, ಅಂದರೆ ಡ್ರಾ.

ನನ್ನ ಮೊದಲ ಟೂರ್ನಮೆಂಟ್‌ನಲ್ಲಿ ಹೀಗೇ ಆಯಿತು. ಎದುರಿನ ಹುಡುಗನ ಹತ್ತಿರ ಉಳಿದದ್ದು ರಾಜ ಒಬ್ಬನೇ, ಎಚ್8ರ ಮೂಲೆಯಲ್ಲಿ. ನನ್ನ ರಾಜ ಎಫ್6ರಲ್ಲಿ, ಮಂತ್ರಿ ಜಿ1ರಲ್ಲಿ. ಮಂತ್ರಿ ಜಿ7ಕ್ಕೆ ಹೋಗಿದ್ದರೆ ಮಾತ್. ನಾನು ಇನ್ನೊಂದು ಸ್ವಲ್ಪ ಕಟ್ಟಿಹಾಕೋಣ ಅಂತ ಜಿ6ರಲ್ಲಿ ಇಟ್ಟು ಗಡಿಯಾರ ಒತ್ತಿದೆ. ಹುಡುಗ ಬೋರ್ಡ್ ನೋಡಿದ, ನನ್ನ ಮುಖ ನೋಡಿದ, ಮೆಲ್ಲಗೆ ಕೈ ಎತ್ತಿ ಆರ್ಬಿಟರ್‌ನ ಕರೆದ. ಜಿ8, ಜಿ7, ಎಚ್7 ಮೂರೂ ಮುಚ್ಚಿದ್ದವು, ಆದರೆ ಎಚ್8ಕ್ಕೆ ಶಹ್ ಇರಲಿಲ್ಲ. ಅರ್ಧ ಪಾಯಿಂಟ್ ಹೋಯಿತು. ಮನೆಗೆ ಬಂದು ಹೇಳಿದಾಗ ಮುತ್ಯಾ ಆ ಸ್ಥಿತಿಯನ್ನು ಬೋರ್ಡ್ ಮೇಲೆ ಇಡಿಸಿ, "ಎಚ್8ರಿಂದ ಜಿ6ಕ್ಕ ಕುದುರಿ ನಡಿ ಅದ ಅಲ್ಲೇನೋ ತಮ್ಮಾ" ಅಂದರು. ಹೌದು. ಮೂಲೆಯಲ್ಲಿ ಒಂಟಿ ರಾಜ ಇದ್ದಾಗ ನಿಮ್ಮ ಮಂತ್ರಿ ಅವನಿಂದ ಕುದುರೆ ನಡೆಯ ದೂರಕ್ಕೆ ಹೋದರೆ ಸ್ಟೇಲ್‌ಮೇಟ್. ಅಲ್ಲಿ ಇಡುವ ಮುಂಚೆ ಕೈ ತಡೆಯಿರಿ.

ಅಭ್ಯಾಸಕ್ಕೆ ಒಂದು ಸ್ಥಿತಿ. ಕಪ್ಪು ರಾಜ ಎ8ರಲ್ಲಿ. ಬಿಳಿ ರಾಜ ಬಿ6ರಲ್ಲಿ, ಬಿಳಿ ಮಂತ್ರಿ ಸಿ1ರಲ್ಲಿ. ನಡೆ ಬಿಳಿಯದು. ಒಂದೇ ನಡೆಯಲ್ಲಿ ಮಾತ್ ಇದೆ, ಹುಡುಕಿ. ಅದಾದ ಮೇಲೆ ಮಂತ್ರಿಯ ಯಾವ ಎರಡು ನಡೆಗಳಿಂದ ಸ್ಟೇಲ್‌ಮೇಟ್ ಆಗುತ್ತದೆ ಅಂತಲೂ ಹುಡುಕಿ. ಒಂದು ಕುದುರೆ ನಡೆಯ ದೂರದಲ್ಲಿದೆ. ಇನ್ನೊಂದು ದೂರದಿಂದ ಸೊಟ್ಟಗೆ ಬಂದು ಬಿ8ನ್ನು ಮುಚ್ಚುತ್ತದೆ.