ಮಾನಿಟರ್ ಕೂಗುವ ಮೊದಲೇ: ನವಜಾತ ಶಿಶು ಘಟಕದಲ್ಲಿ ಹಿರಿಯ ನರ್ಸ್‌ನ ಕೆಲಸ

ಜಿಲ್ಲಾ ಆಸ್ಪತ್ರೆಗಳಲ್ಲಿ ನಾವು ಎಸ್‌ಎನ್‌ಸಿಯು ಎಂದು ಕರೆಯುವ ನವಜಾತ ಶಿಶುಗಳ ವಿಶೇಷ ಆರೈಕೆ ಘಟಕವನ್ನು ಬಾಗಿಲಾಚೆಯಿಂದ ಇಣುಕುವ ಬಂಧುಗಳಿಗೆ ಮೊದಲು ಕಾಣುವುದು ಯಂತ್ರಗಳೇ. ಮಗುವನ್ನು ಬೆಚ್ಚಗಿಡುವ ವಾರ್ಮರ್, ಮಾನಿಟರ್, ಉಸಿರಾಟಕ್ಕೆ ನೆರವಾಗುವ ಸಿ-ಪ್ಯಾಪ್, ಕಾಮಾಲೆಗೆ ಹಾಕುವ ನೀಲಿ ದೀಪ ಇವುಗಳ ನಡುವೆ ಅಂಗೈಯಗಲದ ಮಗುವನ್ನು ಕಂಡವರು ಯಂತ್ರವೇ ಅದನ್ನು ಕಾಯುತ್ತಿದೆ ಎಂದು ತಿಳಿಯುವುದು ಸಹಜ. ಯಂತ್ರಗಳಿಲ್ಲದೆ ಎಷ್ಟೋ ಮಕ್ಕಳು ಉಳಿಯುವುದಿಲ್ಲ ಎಂಬುದೂ ನಿಜ. ಆದರೆ ಮಾನಿಟರ್ ಕೂಗುವ ಹೊತ್ತಿಗೆ ಮಗುವಿನ ದೇಹದಲ್ಲಿ ಏರುಪೇರು ಆಗಿಹೋಗಿರುತ್ತದೆ. ಅದಕ್ಕೆ ಮುಂಚೆಯೇ, ಹಲವು ಸಲ ಗಂಟೆಗಳಷ್ಟು ಮುಂಚೆಯೇ, ಮಗುವಿನ ಬಣ್ಣ, ಕೈಕಾಲುಗಳ ಚಲನೆ, ಹಾಲು ನುಂಗುವ ರೀತಿ ಬದಲಾಗತೊಡಗಿರುತ್ತವೆ. ಆ ಬದಲಾವಣೆಯನ್ನು ಗುರುತಿಸುವ ಕಣ್ಣನ್ನು ಮೂರೂ ಪಾಳಿಯ ನರ್ಸ್‌ಗಳಲ್ಲಿ, ಕೊನೆಗೆ ಮಗುವಿನ ತಾಯಿಯಲ್ಲಿಯೂ ಬೆಳೆಸುವುದೇ ಹಿರಿಯ ನರ್ಸ್ ಆದವಳ ಮುಖ್ಯ ಕೆಲಸವೆಂದು ನಾನು ತಿಳಿದಿದ್ದೇನೆ.

ಈ ಘಟಕಗಳನ್ನು ಕನಿಷ್ಠ 12 ಹಾಸಿಗೆಗಳ ಲೆಕ್ಕದಲ್ಲಿ ರೂಪಿಸಲಾಗಿದೆ. ಅದೇ ಆಸ್ಪತ್ರೆಯಲ್ಲಿ ಹುಟ್ಟಿದ ಮಕ್ಕಳಿಗೆ ಒಂದು ಕೊಠಡಿ, ಹೊರಗಿನಿಂದ ಬಂದವರಿಗೆ ಇನ್ನೊಂದು. ದಿನ ತುಂಬದೆ ಹುಟ್ಟಿದವರು, ತೂಕ ಕಡಿಮೆ ಇರುವವರು, ಹುಟ್ಟಿದ ಕೂಡಲೇ ಅಳದವರು, ಸೋಂಕು ರಕ್ತಕ್ಕೇರಿ ನಂಜಾದವರು, ಕಾಮಾಲೆ ಏರಿದವರು ಇಲ್ಲಿಗೆ ಬರುತ್ತಾರೆ. ಒಂದು ಪಾಳಿಯಲ್ಲಿ ಮೂರು ನಾಲ್ಕು ಮಕ್ಕಳಿಗೆ ಒಬ್ಬ ನರ್ಸ್ ಇರಬೇಕೆಂಬುದು ನಿಯಮ. ಹಾಸಿಗೆಗಿಂತ ಹೆಚ್ಚು ಮಕ್ಕಳು ಬಂದ ದಿನ ಆ ಲೆಕ್ಕ ನಡೆಯುವುದಿಲ್ಲ, ಮತ್ತು ಆ ದಿನವೇ ಕಣ್ಣಿನ ಕೆಲಸ ಹೆಚ್ಚು ಬೇಕಾಗುತ್ತದೆ.

ಹೊಸದಾಗಿ ಸೇರಿದ ನರ್ಸ್‌ಗಳಿಗೆ ನಾನು ಮೊದಲು ಕಲಿಸುವುದು ಮಗುವಿನ ಪಾದ ಮುಟ್ಟಿ ನೋಡುವುದನ್ನು. ಕೈಯ ಹಿಂಬದಿಯಿಂದ ಮೊದಲು ಹೊಟ್ಟೆಯನ್ನು, ಆಮೇಲೆ ಅಂಗಾಲನ್ನು ಮುಟ್ಟಬೇಕು. ಎರಡೂ ಬೆಚ್ಚಗಿದ್ದು ಅಂಗಾಲು ನಸುಗೆಂಪಾಗಿದ್ದರೆ ಮಗು ಹಿತವಾಗಿದೆ. ಹೊಟ್ಟೆ ಬೆಚ್ಚಗಿದ್ದು ಅಂಗಾಲು ತಣ್ಣಗಿದ್ದರೆ ಮಗು ತನ್ನ ಶಾಖವನ್ನು ಉಳಿಸಿಕೊಳ್ಳಲು ಹೆಣಗುತ್ತಿದೆ. ಎರಡೂ ತಣ್ಣಗಿದ್ದರೆ ಆಗಲೇ ತಡವಾಗಿದೆ. ಕಂಕುಳಿನ ಉಷ್ಣತೆ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ಇರಬೇಕು, 36.4ಕ್ಕೆ ಇಳಿದರೂ ನಾವು ಅದನ್ನು ಚಳಿಯ ಒತ್ತಡ ಎಂದೇ ಬರೆಯುತ್ತೇವೆ. ಅಷ್ಟು ಸಣ್ಣ ಇಳಿಕೆಗೆ ಇಷ್ಟೇಕೆ ಆತಂಕ ಎಂದು ಬಂಧುಗಳು ಕೇಳುತ್ತಾರೆ. ತೂಕಕ್ಕೆ ಹೋಲಿಸಿದರೆ ಸಣ್ಣ ಮಗುವಿನ ಚರ್ಮದ ವಿಸ್ತಾರ ದೊಡ್ಡದು, ಚರ್ಮದಡಿಯ ಕೊಬ್ಬು ತೆಳುವು, ದೊಡ್ಡವರಂತೆ ನಡುಗಿ ಶಾಖ ಹುಟ್ಟಿಸಿಕೊಳ್ಳುವ ಶಕ್ತಿಯೂ ಅದಕ್ಕಿಲ್ಲ. ಶಾಖ ಹುಟ್ಟಿಸಲು ಅದು ರಕ್ತದ ಸಕ್ಕರೆಯನ್ನೂ ಆಮ್ಲಜನಕವನ್ನೂ ಸುಡುತ್ತದೆ. ಹಾಗಾಗಿ ತಣ್ಣಗಾದ ಮಗುವಿನ ಸಕ್ಕರೆ ಡೆಸಿಲೀಟರಿಗೆ 45 ಮಿಲಿಗ್ರಾಂಗಿಂತ ಕೆಳಗಿಳಿಯುತ್ತದೆ, ಉಸಿರಾಟ ಕಷ್ಟವಾಗುತ್ತದೆ, ಹಾಲು ಕುಡಿಯುವ ತ್ರಾಣ ಹೋಗುತ್ತದೆ. ಒಂದು ತಣ್ಣನೆಯ ಪಾದದಿಂದ ಆರಂಭವಾದದ್ದು ಮೂರು ಬೇರೆ ಬೇರೆ ಕಾಯಿಲೆಗಳಂತೆ ಕಾಣಿಸಿಕೊಳ್ಳುತ್ತದೆ.

ವಾರ್ಮರ್ ಇದೆಯಲ್ಲ ಎಂಬ ಧೈರ್ಯವೂ ಅಷ್ಟು ಸರಿಯಲ್ಲ. ಮಗುವಿನ ಹೊಟ್ಟೆಯ ಮೇಲೆ ಅಂಟಿಸಿದ ಪ್ರೋಬ್ ತಿಳಿಸುವ ಉಷ್ಣತೆಯನ್ನು ನೋಡಿಕೊಂಡು ವಾರ್ಮರ್ ತನ್ನ ಶಾಖವನ್ನು ಏರಿಸುತ್ತದೆ, ಇಳಿಸುತ್ತದೆ. ಅಂಟು ಬಿಟ್ಟು ಪ್ರೋಬ್ ಹಾಸಿಗೆಯ ಮೇಲೆ ಬಿದ್ದರೆ ಯಂತ್ರ ಹಾಸಿಗೆಯ ತಂಪನ್ನು ಮಗುವಿನದೆಂದು ತಿಳಿದು ಮತ್ತಷ್ಟು ಕಾಯಿಸುತ್ತದೆ, ಮಗು ಬೇಯುತ್ತದೆ. ಆದ್ದರಿಂದ ಪ್ರತಿ ಮಗುವಿನ ಬಳಿ ಹೋದಾಗಲೂ ಮೊದಲು ಪ್ರೋಬ್ ಸರಿಯಾಗಿ ಅಂಟಿದೆಯೇ ಎಂದು ನೋಡಿ ಆಮೇಲೆ ಅಂಕಿಯನ್ನು ಓದಬೇಕೆಂದು ನಾನು ಹಟ ಹಿಡಿಯುತ್ತೇನೆ.

ಪಾಳಿ ಬದಲಾಗುವ ಹೊತ್ತು ನಮ್ಮ ಘಟಕದ ಅತ್ಯಂತ ಸೂಕ್ಷ್ಮವಾದ ಹೊತ್ತು. ಹೋಗುವವರಿಗೆ ದಣಿವು, ಬರುವವರಿಗೆ ಮಗುವಿನ ಪರಿಚಯವಿಲ್ಲ. ಮೇಜಿನ ಬಳಿ ನಿಂತು ಪುಸ್ತಕ ಓದಿ ಒಪ್ಪಿಸುವ ಹ್ಯಾಂಡ್‌ಓವರ್ ನನಗೆ ಒಪ್ಪಿಗೆಯಿಲ್ಲ. ಒಂದೊಂದು ಮಗುವಿನ ಮುಂದೆ ಇಬ್ಬರೂ ನಿಂತು, ಕಾಲಿಗೆ ಕಟ್ಟಿದ ಗುರುತಿನ ಪಟ್ಟಿ ಓದಿ, ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು. 40ರಿಂದ 60 ಸಹಜ. 60 ದಾಟಿದರೆ, ಎದೆ ಒಳಸೆಳೆದರೆ, ಉಸಿರು ಬಿಡುವಾಗ ನರಳಿದರೆ ಆಗಲೇ ವೈದ್ಯರಿಗೆ ಹೇಳಬೇಕು. ಡ್ರಿಪ್ ಹಾಕಿದ ಕೈ ಊದಿದೆಯೇ, ಹೊಟ್ಟೆಯ ಸುತ್ತಳತೆ ಹೆಚ್ಚಿದೆಯೇ, ಕಳೆದ ಬಾರಿ ಕೊಟ್ಟ ಹಾಲು ಜೀರ್ಣವಾಗಿದೆಯೇ, ಮೂತ್ರ ಎಷ್ಟು ಸಲ ಹೋಗಿದೆ ಎಂಬುದನ್ನು ನೋಡಿ ಹೇಳಬೇಕು. "ಮಗು ಚೆನ್ನಾಗಿದೆ" ಎಂಬ ಮಾತನ್ನು ಹ್ಯಾಂಡ್‌ಓವರ್‌ನಲ್ಲಿ ನಾನು ಒಪ್ಪುವುದಿಲ್ಲ, ಏಕೆಂದರೆ ಅದರಲ್ಲಿ ಮುಂದಿನ ಪಾಳಿಯವರು ಹೋಲಿಸಿ ನೋಡಲು ಏನೂ ಇರುವುದಿಲ್ಲ. "ಮಗು ಯಾಕೋ ನಿನ್ನೆಯ ಹಾಗಿಲ್ಲ" ಎಂಬ ಮಾತನ್ನು ಮಾತ್ರ, ಕಾರಣ ಹೇಳಲು ಬಾರದಿದ್ದರೂ, ನಾನು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಸಣ್ಣ ಮಕ್ಕಳಲ್ಲಿ ನಂಜು ಹೆಚ್ಚಾಗಿ ಜ್ವರದ ರೂಪದಲ್ಲಿ ಬರುವುದಿಲ್ಲ. ನಿನ್ನೆ ಹಸಿವಾದಾಗ ಅತ್ತ ಮಗು ಇಂದು ಅಳುವುದಿಲ್ಲ, ಕಾಲು ಮಡಚಿ ಮಲಗುತ್ತಿದ್ದದ್ದು ಕೈಕಾಲು ಚೆಲ್ಲಿ ಮಲಗುತ್ತದೆ, ಮೈ ಬಣ್ಣ ಬೂದುಬೂದಾಗಿ ಕಾಣುತ್ತದೆ. ಮನೆಯವರು "ಪಾಪ, ಒಳ್ಳೆ ಮಗು, ಅಳೋದೇ ಇಲ್ಲ" ಎಂದು ಸಂತೋಷಪಡುವ ಆ ಮೌನವೇ ನಮ್ಮನ್ನು ಹೆದರಿಸುವ ಲಕ್ಷಣ.

ಔಷಧಿಯ ವಿಷಯದಲ್ಲಿ ಹೇಳಬೇಕಾದದ್ದು ಸ್ವಲ್ಪವೇ, ಆದರೆ ಅದರಲ್ಲಿ ರಾಜಿಯಿಲ್ಲ. ಒಂದು ಕಿಲೋ ಮಗುವಿಗೆ ಕೊಡುವ ಪ್ರಮಾಣ ಮಿಲಿಲೀಟರಿನ ಹತ್ತನೆಯ ಭಾಗಗಳಲ್ಲಿ ಇರುತ್ತದೆ, 0.2ಕ್ಕೂ 2ಕ್ಕೂ ನಡುವೆ ಇರುವುದು ಒಂದು ಚುಕ್ಕಿ. ಇಬ್ಬರು ನರ್ಸ್‌ಗಳು ಬೇರೆ ಬೇರೆಯಾಗಿ ಲೆಕ್ಕ ಹಾಕಿ, ಉತ್ತರ ತಾಳೆಯಾದ ಮೇಲೆಯೇ ಸಿರಿಂಜ್ ತುಂಬಬೇಕು. ಎಷ್ಟೇ ಗಡಿಬಿಡಿ ಇದ್ದರೂ ಈ ಪದ್ಧತಿ ಬಿಡಬಾರದು. ಕೈ ತೊಳೆಯುವುದಕ್ಕೂ ಇದೇ ಮಾತು ಅನ್ವಯಿಸುತ್ತದೆ: ಒಳಗೆ ಬರುವಾಗ ಮೊಣಕೈವರೆಗೆ ಎರಡು ನಿಮಿಷ, ಒಂದು ಮಗುವಿನಿಂದ ಇನ್ನೊಂದಕ್ಕೆ ಹೋಗುವಾಗ ಪ್ರತಿ ಸಲವೂ ಹ್ಯಾಂಡ್‌ರಬ್. ಇದರಲ್ಲಿ ದೊಡ್ಡ ಡಾಕ್ಟರಿಗೂ ವಿನಾಯಿತಿ ಇಲ್ಲ. ಅವರನ್ನು ಬಾಗಿಲಲ್ಲಿ ತಡೆದು ನೆನಪಿಸುವ ಧೈರ್ಯ ಹಿರಿಯ ನರ್ಸ್‌ಗೆ ಇಲ್ಲದಿದ್ದರೆ ಕಿರಿಯರಿಗೆ ಎಲ್ಲಿಂದ ಬರಬೇಕು?

ತಾಲ್ಲೂಕು ಆಸ್ಪತ್ರೆಯಿಂದ ರಾತ್ರಿ 108 ವಾಹನದಲ್ಲಿ ಮಗು ಬರುತ್ತದೆ. ಜೊತೆಗೆ ತಂದೆ, ಅಜ್ಜಿ ಇರುತ್ತಾರೆ. ತಾಯಿಗೆ ಸಿಸೇರಿಯನ್ ಆಗಿ ಆಕೆ ಅಲ್ಲಿಯೇ ಉಳಿದಿರುತ್ತಾಳೆ. ಮಗುವನ್ನು ವಾರ್ಮರ್‌ಗೆ ಹಾಕಿ, ಸಕ್ಕರೆ ನೋಡಿ, ವೈದ್ಯರು ಪರೀಕ್ಷೆ ಮುಗಿಸಿದ ಮೇಲೆ ನಾನು ಮಾಡಿಸುವ ಮೊದಲ ಫೋನ್ ಕರೆ ಆ ಆಸ್ಪತ್ರೆಯ ನರ್ಸ್‌ಗೆ. ಹೆರಿಗೆಯಾದ ಮೊದಲ ಕೆಲವು ಗಂಟೆಗಳಲ್ಲೇ ಹಾಲು ಹಿಂಡಲು ಆರಂಭಿಸಿ, ರಾತ್ರಿಯೂ ಸೇರಿ ದಿನಕ್ಕೆ ಎಂಟು ಹತ್ತು ಸಲ ಹಿಂಡಿದರೆ ಮಾತ್ರ ಮಗು ಬಾಯಿ ಹಾಕದ ತಾಯಿಗೆ ಹಾಲು ಬತ್ತದೆ ಉಳಿಯುತ್ತದೆ. ಮೂರನೆಯ ದಿನ ಆಕೆ ನಮ್ಮಲ್ಲಿಗೆ ಬಂದಾಗ "ಹಾಲೇ ಇಲ್ಲ ಸಿಸ್ಟರ್" ಎಂದು ಅಳುವುದನ್ನು ಈ ಒಂದು ಕರೆ ಎಷ್ಟೋ ಸಲ ತಪ್ಪಿಸಿದೆ. ಮೊದಲ ಹಳದಿ ಗಿಣ್ಣುಹಾಲು ಒಂದೆರಡು ಮಿಲಿ ಬಂದರೂ ಅದು ಮಗುವಿಗೆ ಸೋಂಕಿನಿಂದ ರಕ್ಷಣೆ. ಅದನ್ನು ಚೆಲ್ಲಿ ಜೇನುತುಪ್ಪ, ಬಜೆ ತೇಯ್ದು ನೆಕ್ಕಿಸುವುದು ಬೇಡವೆಂದು ಅಜ್ಜಿಯರಿಗೆ ಹೇಳುವಾಗ ಗದರಬಾರದು. ಅವರೂ ಮಗುವಿನ ಒಳಿತಿಗಾಗಿಯೇ ತಂದಿರುತ್ತಾರೆ.

32 ವಾರ ತುಂಬದ ಮಕ್ಕಳಿಗೆ ಚೀಪುವುದು, ನುಂಗುವುದು, ಉಸಿರಾಡುವುದು ಈ ಮೂರನ್ನೂ ಹೊಂದಿಸಿಕೊಳ್ಳಲು ಬರುವುದಿಲ್ಲ. ಅವರಿಗೆ ಬಾಯಿಯ ಮೂಲಕ ಹೊಟ್ಟೆಗೆ ನಳಿಕೆ ಇಳಿಸಿ ಹಿಂಡಿದ ಹಾಲು ಕೊಡುತ್ತೇವೆ. 32ರಿಂದ 34 ವಾರಗಳವರು ಒಳಲೆಯಲ್ಲಿ ಕುಡಿಯಬಲ್ಲರು. ನಮ್ಮ ಮನೆಗಳ ಹಳೆಯ ಒಳಲೆಯೇ ಇಂದು ನವಜಾತ ಶಿಶು ಘಟಕಗಳ ಉಪಕರಣವಾಗಿರುವುದು ನನಗೆ ಸಂತೋಷ ತರುವ ಸಂಗತಿ. ಬಾಟಲಿಗಿಂತ ಅದನ್ನು ಶುಚಿ ಮಾಡುವುದು ಸುಲಭ, ತಾಯಿಗೆ ಹೇಳಿಕೊಡುವುದೂ ಸುಲಭ. ಅದನ್ನು ಮೊದಲು ಹಿಡಿಯಬೇಕಾದವಳು ತಾಯಿ. ಬಾಯಿಯ ಅಂಚಿಗೆ ಒಳಲೆಯ ತುದಿ ಇಟ್ಟು, ಒಂದು ಗುಟುಕು ನುಂಗುವವರೆಗೆ ಕಾದು ಮುಂದಿನದನ್ನು ಕೊಡುವಾಗ ಆಕೆ ತನಗೆ ಗೊತ್ತಿಲ್ಲದೆಯೇ ಮಗುವನ್ನು ಗಮನಿಸಲು ಕಲಿಯುತ್ತಾಳೆ. ನಿನ್ನೆ ಹತ್ತು ನಿಮಿಷದಲ್ಲಿ ಕುಡಿದದ್ದು ಇಂದು ಅರ್ಧ ಗಂಟೆಯಾದರೂ ಕುಡಿಯುತ್ತಿಲ್ಲ ಎಂದು ಮೊದಲು ಹೇಳುವವಳು ಆಕೆಯೇ ಆಗುತ್ತಾಳೆ.

ಮಗುವನ್ನು ತಾಯಿಯ ಬರಿ ಎದೆಗೆ ಮೈಗೆ ಮೈ ತಾಗುವಂತೆ ಕಟ್ಟಿಡುವ ಕಾಂಗರೂ ಆರೈಕೆಯ ಬಗ್ಗೆ ಹೆಚ್ಚು ಹೇಳಬೇಕು, ಏಕೆಂದರೆ ಅದನ್ನು ಇನ್ನೂ ಬಡ ಆಸ್ಪತ್ರೆಯ ಉಪಾಯವೆಂದು ತಿಳಿದವರಿದ್ದಾರೆ. 1970ರ ದಶಕದ ಕೊನೆಯಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಇದು ಶುರುವಾದದ್ದು ಕೊರತೆಯ ನಡುವೆಯೇ. ಆದರೆ ಭಾರತ, ಘಾನಾ, ಮಲಾವಿ, ನೈಜೀರಿಯಾ, ಟಾಂಜಾನಿಯಾಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಡೆಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ಕಿಲೋದಿಂದ 1.8 ಕಿಲೋಗಿಂತ ಕಡಿಮೆ ತೂಕದ ಮಕ್ಕಳನ್ನು ಸ್ಥಿರವಾಗುವವರೆಗೆ ಕಾಯದೆ, ಹುಟ್ಟಿದ ಕೂಡಲೇ ಎದೆಗೆ ಕಟ್ಟಿದಾಗ 28 ದಿನಗಳೊಳಗಿನ ಸಾವು ಸುಮಾರು ಕಾಲುಭಾಗ ಕಡಿಮೆಯಾಯಿತು. ಲಾಭ ಎಷ್ಟು ಸ್ಪಷ್ಟವಾಗಿತ್ತೆಂದರೆ ಅಧ್ಯಯನವನ್ನು ಅವಧಿಗೆ ಮುಂಚೆಯೇ ನಿಲ್ಲಿಸಲಾಯಿತು. ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆ ಅದರ ಭಾರತೀಯ ಕೇಂದ್ರವಾಗಿತ್ತು. ಇದು ನಡೆಯಬೇಕಾದರೆ ತಾಯಿಯ ಹಾಸಿಗೆ ಘಟಕದ ಒಳಗೇ ಇರಬೇಕು. ಹಾಗೆ ರೂಪಿಸಿದ ಘಟಕಗಳು ಈಗ ನಮ್ಮ ದೇಶದಲ್ಲೂ ಬರುತ್ತಿವೆ.

ನಮ್ಮ ಊರುಗಳಲ್ಲಿ ಇದಕ್ಕೆ ಅಡ್ಡಿ ಬರುವುದು ಬಾಣಂತನದ ಕಟ್ಟುಪಾಡುಗಳು. ಬಾಣಂತಿಗೆ ಗಾಳಿ ತಾಗಬಾರದು, ಹೆಚ್ಚು ಹೊತ್ತು ಕೂರಬಾರದು, ಹನ್ನೊಂದನೆಯ ದಿನದ ಒಳಗೆ ಮನೆಗೆ ಹೋಗಬೇಕು ಎಂದು ಹಿರಿಯರು ಒತ್ತಾಯಿಸುತ್ತಾರೆ. ನಾನು ವಾದಕ್ಕೆ ಇಳಿಯುವುದಿಲ್ಲ. ಒರಗುವ ಕುರ್ಚಿ ಕೊಟ್ಟು, ಪರದೆ ಎಳೆದು, ಮಗುವಿಗೆ ಕುಲಾವಿ, ಕಾಲುಚೀಲ ತೊಡಿಸಿ ತಾಯಿಯ ಎದೆಗೆ ಮಲಗಿಸಿ, ಅರ್ಧ ಗಂಟೆಯ ನಂತರ ಅಜ್ಜಿಯನ್ನೇ ಕರೆದು ಮಗುವಿನ ಪಾದ ಮುಟ್ಟಿಸುತ್ತೇನೆ. "ಅಜ್ಜಿ, ಸ್ನಾನಕ್ಕೆ, ಊಟಕ್ಕೆ ಇವರು ಎದ್ದಾಗ ನೀವೇ ಕಟ್ಟಿಕೊಳ್ಳಬೇಕು" ಎಂದಾಗ ಮುಖದ ಭಾವವೇ ಬದಲಾಗುತ್ತದೆ. ತಂದೆಯರೂ ಕಟ್ಟಿಕೊಳ್ಳಬಹುದು, ಮೊದಲು ಸಂಕೋಚಪಡುತ್ತಾರೆ, ಆಮೇಲೆ ತಮ್ಮ ಸರದಿಯನ್ನು ತಾವೇ ಕೇಳಿ ಬರುತ್ತಾರೆ.

ಎಲ್ಲ ಪ್ರಯತ್ನ ಮಾಡಿದರೂ ಉಳಿಯದ ಮಕ್ಕಳಿದ್ದಾರೆ. ವೈದ್ಯರು ವಿಷಯ ತಿಳಿಸುವಾಗ ಮಗುವನ್ನು ನೋಡಿಕೊಂಡ ನರ್ಸ್ ಜೊತೆಯಲ್ಲಿ ಇರಬೇಕು, ನಳಿಕೆಗಳನ್ನೆಲ್ಲ ತೆಗೆದು ಮೈ ಒರೆಸಿ ಬಟ್ಟೆ ತೊಡಿಸಿ ಮಗುವನ್ನು ತಾಯಿಯ ಕೈಗೆ ಕೊಡಬೇಕು, ಆಕೆ ಬೇಡವೆನ್ನುವವರೆಗೆ ಅವಸರಪಡಿಸಬಾರದು. ತಾಯಿ ತಡೆದುಕೊಳ್ಳಲಾರಳು ಎಂದು ಮನೆಯವರು ಮಗುವನ್ನು ತೋರಿಸದೆ ಒಯ್ಯಲು ನೋಡುತ್ತಾರೆ. ಆಗ ಆಕೆಯನ್ನೇ ಕೇಳಬೇಕೆಂದು ನಾನು ಹೇಳುತ್ತೇನೆ. ಆ ಪಾಳಿಯ ಕಿರಿಯ ನರ್ಸ್‌ಳನ್ನು ಕೂಡಲೇ ಇನ್ನೊಂದು ಹಾಸಿಗೆಗೆ ಅಟ್ಟದೆ ಸ್ವಲ್ಪ ಹೊತ್ತು ಕೂರಿಸುವುದೂ ನನ್ನ ಕರ್ತವ್ಯದ ಭಾಗ.

ಮಗು ನೀಲಿಯಾದಾಗ "ಆಕ್ಸಿಜನ್ ಜಾಸ್ತಿ ಕೊಡಿ" ಎನ್ನುವುದು ಸಹಜ. ಆದರೆ ದಿನ ತುಂಬದ ಮಗುವಿಗೆ ಆಕ್ಸಿಜನ್ ಕೂಡ ಅಳತೆ ಮಾಡಿ ಕೊಡಬೇಕಾದ ಔಷಧಿ. ಅಗತ್ಯಕ್ಕಿಂತ ಹೆಚ್ಚಾದರೆ ಕಣ್ಣಿನ ಅಕ್ಷಿಪಟಲದ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆದು ಕುರುಡು ಬರಬಹುದು. ಅದಕ್ಕೇ ಆಕ್ಸಿಜನ್ ಮೇಲಿರುವ ಈ ಮಕ್ಕಳ ಸ್ಯಾಚುರೇಶನ್, ಅಂದರೆ ರಕ್ತದಲ್ಲಿನ ಆಕ್ಸಿಜನ್ ಮಟ್ಟ, ಶೇಕಡಾ 90ರಿಂದ 95ರೊಳಗೆ ಇರುವಂತೆ ನೋಡಿಕೊಂಡು, 95 ಮೀರಿದರೂ ಮಾನಿಟರ್ ಕೂಗುವಂತೆ ಮಿತಿ ಇಡುತ್ತೇವೆ. 34 ವಾರಕ್ಕೆ ಮುಂಚೆ ಹುಟ್ಟಿದ ಅಥವಾ ಎರಡು ಕಿಲೋಗಿಂತ ಕಡಿಮೆ ತೂಕದ ಪ್ರತಿ ಮಗುವಿಗೂ 30 ದಿನಗಳೊಳಗೆ ಕಣ್ಣಿನ ತಪಾಸಣೆ ಆಗಲೇಬೇಕು. ತೀರಾ ಸಣ್ಣವರಿಗೆ ಎರಡು ಮೂರು ವಾರಗಳಲ್ಲೇ ಆಗಬೇಕು. ಕರ್ನಾಟಕದಲ್ಲಿ ನಾರಾಯಣ ನೇತ್ರಾಲಯ 2008ರಲ್ಲಿ ಆರಂಭಿಸಿದ ಕಿಡ್‌ರಾಪ್ ಯೋಜನೆಯಲ್ಲಿ ತರಬೇತಾದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳಿಗೆ ಬಂದು ಮಕ್ಕಳ ಕಣ್ಣಿನ ಚಿತ್ರ ತೆಗೆಯುವ ವ್ಯವಸ್ಥೆ ರೂಪುಗೊಂಡಿತು. ಸಕಾಲಕ್ಕೆ ಲೇಸರ್ ಚಿಕಿತ್ಸೆ ಸಿಕ್ಕರೆ ದೃಷ್ಟಿ ಉಳಿಸಬಹುದು.

ಕಷ್ಟವೆಂದರೆ ಆ ದಿನಾಂಕದ ಹೊತ್ತಿಗೆ ಮಗು ಮನೆಗೆ ಹೋಗಿರುತ್ತದೆ, ಹಾಲು ಕುಡಿದು ತೂಕ ಏರಿಸಿಕೊಂಡು ಚೆನ್ನಾಗಿ ಕಾಣುತ್ತಿರುತ್ತದೆ. ಎಪ್ಪತ್ತು ಕಿಲೋಮೀಟರ್ ದೂರದಿಂದ ಮತ್ತೆ ಏಕೆ ಬರಬೇಕೆಂದು ಮನೆಯವರಿಗೆ ಅನಿಸುತ್ತದೆ. ಆದ್ದರಿಂದ ಬಿಡುಗಡೆಯ ಚೀಟಿಯ ಮೇಲೆ ಕಣ್ಣಿನ ತಪಾಸಣೆಯ ದಿನಾಂಕವನ್ನು ದೊಡ್ಡದಾಗಿ ಬರೆಯಿಸಿ, ತಾಯಿಯ ಬಾಯಿಂದ ಅದನ್ನು ಹೇಳಿಸಿ, ಆ ಊರಿನ ಆಶಾ ಕಾರ್ಯಕರ್ತೆಗೂ ತಿಳಿಸುತ್ತೇವೆ. ತೂಕ ಚೆನ್ನಾಗಿ ಏರುವವರೆಗೆ ಎಣ್ಣೆ ನೀರು ಹಾಕದೆ ಮೈ ಒರೆಸಿದರೆ ಸಾಕು, ಸಾಂಬ್ರಾಣಿ ಹೊಗೆ ಬೇಡ, ಅಂಗಾಲು ತಣ್ಣಗಾದರೆ ಎದೆಗೆ ಕಟ್ಟಿಕೊಳ್ಳಿ, ಅಂಗಾಲಿಗೆ ಹಳದಿ ಬಂದರೆ, ಹಾಲು ಬಿಟ್ಟರೆ, ಅಳು ನಿಂತರೆ ಕಾಯದೆ ಕರೆತನ್ನಿ ಎಂದು ಹೇಳಿ ಕಳಿಸುತ್ತೇವೆ. ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಕಾಯಿಲೆ ಬಿದ್ದ ಶಿಶುವಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆಯೂ ವಾಹನವೂ ಉಚಿತ ಎಂಬುದನ್ನು ಬಹಳ ಮನೆಯವರು ತಿಳಿದಿರುವುದಿಲ್ಲ; ಬಾಡಿಗೆ ಹಣ ಹೊಂದಿಸಲು ಕಾದು ಒಂದು ರಾತ್ರಿ ಕಳೆಯುವವರು ಈಗಲೂ ಇದ್ದಾರೆ. ಅದಕ್ಕಾಗಿ 108 ಎಂಬ ಸಂಖ್ಯೆಯನ್ನೂ ಅದೇ ಚೀಟಿಯ ಮೇಲೆ ಬರೆದುಕೊಡುತ್ತೇವೆ.